ಚಕ್ರ ನೇರವಾಗಿರಲಿ, ಲೆಕ್ಕವೂ ನೇರವಾಗಿರಲಿ

ಎತ್ತಿನ ಗಾಡಿಯ ಅಚ್ಚು ಓರೆಯಾದರೆ ಎತ್ತಿನ ಹೆಗಲೇ ಅದನ್ನು ತಿಳಿಸುತ್ತಿತ್ತು. ಮೋಟಾರು ವಾಹನದಲ್ಲಿ ತಿಳಿಸುವುದು ಟೈರು. ಅಷ್ಟರಲ್ಲಿ ಮಾಲೀಕನ ಹಣವೂ ಸವೆದಿರುತ್ತದೆ. ಹಿಂದೂಪುರ, ಕಲ್ಯಾಣದುರ್ಗಗಳು 2022ರಿಂದ ಬೇರೆ ಬೇರೆ ಜಿಲ್ಲೆಗಳಿಗೆ ಸೇರಿದ್ದರೂ, ಅಲ್ಲಿ ಗ್ಯಾರೇಜು ನಡೆಸುವ ನಮ್ಮ ಇಬ್ಬರು ಹಳೆಯ ವಿದ್ಯಾರ್ಥಿಗಳು ಕೇಳಿರುವ ಪ್ರಶ್ನೆ ಒಂದೇ: ವೀಲ್ ಅಲೈನ್‌ಮೆಂಟಿಗೆ ಯಾವ ಯಂತ್ರ ಕೊಳ್ಳಬೇಕು? ಸಾಲ ಮಾಡಿ ಕೊಳ್ಳುವ ವಸ್ತುವಾದುದರಿಂದ ವಿಷಯವನ್ನು ವಾಚಕರೆಲ್ಲರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಅಳೆಯಬೇಕಾದ ಕೋನಗಳು ಮುಖ್ಯವಾಗಿ ಮೂರು. ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವುದು ಟೋ. ಮುಂದಿನಿಂದ ನೋಡಿದಾಗ ಕಾಣುವ ವಾಲು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷಕ್ಕಿರುವ ಓರೆ ಕ್ಯಾಸ್ಟರ್.

ಇಲ್ಲಿ ಒಂದು ಶಾಲಾ ಲೆಕ್ಕ. 600 ಮಿಲಿಮೀಟರು ವ್ಯಾಸದ ಎರಡು ಟೈರುಗಳ ನಡುವಣ ಅಂತರದಲ್ಲಿ, ಮುಂದಕ್ಕೂ ಹಿಂದಕ್ಕೂ, ಇರಬೇಕಾದುದಕ್ಕಿಂತ 3 ಮಿಲಿಮೀಟರು ವ್ಯತ್ಯಾಸ ಬಂದಿತೆನ್ನೋಣ. ಅದು ಇನ್ನೂರರಲ್ಲಿ ಒಂದು ಪಾಲು. ಕಿಲೋಮೀಟರು ಓಡುವಷ್ಟರಲ್ಲಿ ಎರಡೂ ಟೈರುಗಳು ಸೇರಿ ಸುಮಾರು 5 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಳ್ಳುತ್ತವೆ. ಟೈರು ಬೇಗ ಸವೆಯುವ ಕಾರಣ ಇದೇ.

ಇನ್ನು ಆಯ್ಕೆ. ಲಾರಿ, ಟ್ರಾಕ್ಟರುಗಳ ಮುಂದಿನ ಅಚ್ಚು ಒಂದೇ ಗಟ್ಟಿ ತೊಲೆ. ಅವುಗಳಲ್ಲಿ ಸಾಮಾನ್ಯವಾಗಿ ಹೊಂದಿಸಲಾಗುವುದು ಟೋ ಮಾತ್ರ. ಶೇಂಗಾ ಬೆಳೆಯ ಸೀಮೆಯಾದ ಕಲ್ಯಾಣದುರ್ಗದಲ್ಲಿ ಅಂಥ ವಾಹನಗಳೇ ಹೆಚ್ಚಾಗಿ ಬರುವ ಗ್ಯಾರೇಜಿಗೆ ಒಳ್ಳೆಯ ಟೋ ಗೇಜು ಸಾಕು. ಹಿಂದೂಪುರವಾದರೋ ಬೆಂಗಳೂರಿಗೆ ಸಮೀಪ. ಪೆನುಕೊಂಡದ ಬಳಿ 2019ರಿಂದ ಕಿಯಾ ಕಾರುಗಳೇ ತಯಾರಾಗುತ್ತಿವೆ. ಕಾರುಗಳನ್ನೇ ನಂಬಿದವರಿಗೆ ನಾಲ್ಕೂ ಚಕ್ರಗಳನ್ನು ಅಳೆಯುವ ಯಂತ್ರ ಬೇಕು. ಅದರಲ್ಲೂ ಎರಡು ಬಗೆ. ಚಕ್ರಕ್ಕೆ ಸೆನ್ಸರು ಕಟ್ಟುವ ಬಗೆಯಲ್ಲಿ ಸೆನ್ಸರು ಕೆಳಗೆ ಬಿದ್ದರೆ ಅಳತೆ ಕೆಡಬಹುದು. ಕ್ಯಾಮೆರಾ ಇರುವ ‘ತ್ರೀ ಡಿ’ ಬಗೆಯಲ್ಲಿ ಚಕ್ರಕ್ಕೆ ಕಟ್ಟುವುದು ಗುರುತಿನ ಫಲಕ ಮಾತ್ರ. ಆದರೆ ನೇರ ಬಿಸಿಲು ಬೀಳದ ಜಾಗ ಬೇಕು.

ಯಾವ ಯಂತ್ರವಾದರೂ ಮಟ್ಟಸವಾದ ನೆಲವಿಲ್ಲದೆ ವ್ಯರ್ಥ. ಟೈರಿನ ಗಾಳಿ, ಬೇರಿಂಗು, ಬಾಲ್ ಜಾಯಿಂಟು, ಟೈ ರಾಡುಗಳ ಸಡಿಲವನ್ನು ಮೊದಲು ನೋಡದೆ ಅಳೆದರೆ ಪರದೆಯ ಮೇಲಿನ ಅಂಕಿಯೂ ಸುಳ್ಳಾಗುತ್ತದೆ. ಮಾರುವವರನ್ನು ಮೂರು ಪ್ರಶ್ನೆ ಕೇಳಬೇಕು: ಕೆಟ್ಟರೆ ಎಷ್ಟು ದಿನದಲ್ಲಿ ರಿಪೇರಿ? ಅಳತೆಯ ತಪ್ಪೊಪ್ಪುಗಳನ್ನು ಪರೀಕ್ಷಿಸಿ ಸರಿಪಡಿಸುವವರು ಯಾರು? ಹೊಸ ವಾಹನಗಳ ವಿವರ ಸೇರಿಸಲು ವರ್ಷಕ್ಕೆಷ್ಟು ಹಣ? ಉತ್ತರವನ್ನು ಬರವಣಿಗೆಯಲ್ಲೇ ಪಡೆಯತಕ್ಕದ್ದು.

ಕೊನೆಯದಾಗಿ, ತಿಂಗಳ ಕಂತನ್ನು ಒಂದು ವಾಹನದಿಂದ ಬರುವ ಕೂಲಿಯಿಂದ ಭಾಗಿಸಿ ನೋಡಿರಿ. ಬರುವ ಸಂಖ್ಯೆ ಸಾಲಕ್ಕಾಗಿ ಮಾತ್ರ ದುಡಿಯಬೇಕಾದ ವಾಹನಗಳದು. ಕೆಲಸಗಾರನ ಸಂಬಳ, ವಿದ್ಯುತ್ತು, ಮನೆಯ ಖರ್ಚು ಆಮೇಲಿನವು. ಮೂರು ತಿಂಗಳು ಬಂದ ವಾಹನಗಳನ್ನು ಪುಸ್ತಕದಲ್ಲಿ ಬರೆದಿಡಿರಿ. ಸಂಖ್ಯೆ ಸಾಲದಿದ್ದರೆ ಗೇಜಿನಿಂದಲೇ ಕೆಲಸ ನಡೆಸುತ್ತ, ಅದರಿಂದಾಗದ ಕೆಲಸವನ್ನು ಆಗದೆಂದು ಹೇಳಿ ಕಳುಹಿಸುವುದೇ ಗೌರವ. ಆ ಗಿರಾಕಿ ಮತ್ತೊಂದು ಕೆಲಸಕ್ಕೆ ನಿಮ್ಮಲ್ಲಿಗೇ ಬಂದಾನು.