ಮಗುವಿನ ಪಾಸ್‌ಪೋರ್ಟ್: ಟಿಕೆಟ್‌ಗೆ ಮೊದಲು ದಿನಾಂಕ ನೋಡಿ

ಬೇಸಿಗೆ ರಜೆಗೆ ಕಾಪುವಿನ ನನ್ನ ಅಕ್ಕ ಮಗನೊಂದಿಗೆ ಭಾವನಿರುವ ಕುವೈತ್‌ಗೆ ಹೊರಟಿದ್ದಳು. ಟಿಕೆಟ್ ತೆಗೆದ ಮೇಲೆ ನೋಡಿದರೆ, ಮಗನ ಪಾಸ್‌ಪೋರ್ಟ್‌ನಲ್ಲಿ ಉಳಿದದ್ದು ಮೂರೇ ತಿಂಗಳು! ದೊಡ್ಡವರದ್ದು 10 ವರ್ಷ ಬಂದರೆ, ಚಿಕ್ಕ ಮಕ್ಕಳದ್ದು 5 ವರ್ಷ ಮಾತ್ರ. ಹಲವು ದೇಶಗಳು 6 ತಿಂಗಳ ಅವಧಿ ಬಾಕಿ ಇರಬೇಕು ಎನ್ನುತ್ತವೆ. ಹಾಗಾಗಿ ಉಪಯೋಗಕ್ಕೆ ಸಿಗುವುದು ನಾಲ್ಕೂವರೆ ವರ್ಷವಷ್ಟೇ.

ಹೊಸದಕ್ಕೆ ಅನೆಕ್ಷರ್ ‘ಡಿ’ಯಲ್ಲಿ ಹೆತ್ತವರಿಬ್ಬರ ಸಹಿ ಬೇಕು. ಒಬ್ಬರ ಒಪ್ಪಿಗೆ ಸಿಗದಿದ್ದರೆ ‘ಸಿ’ ಇದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಬೇಕು. ಮಕ್ಕಳ ಸುರಕ್ಷತೆಗೆ ಇಬ್ಬರ ಒಪ್ಪಿಗೆ ಅಗತ್ಯವೇ. ಆದರೆ ಅಪ್ಪ ಗಲ್ಫ್‌ನಲ್ಲಿರುವ ಉಡುಪಿ, ಕಾರ್ಕಳದ ಮನೆಗಳಿಗೆ ಆ ಸಹಿಯೇ ದೊಡ್ಡ ಕೆಲಸ. ಭಾವನ ಸಹಿ ಬರುವಷ್ಟರಲ್ಲಿ ಅಳಿಯನ ರಜೆ ಮುಗಿದಿತ್ತು.

ಆನ್‌ಲೈನ್ ಅರ್ಜಿ ತುಂಬಬಲ್ಲ ನಾವು, ನೆರೆಮನೆಯ ಮಕ್ಕಳ ಪಾಸ್‌ಪೋರ್ಟ್ ದಿನಾಂಕವನ್ನೂ ಒಮ್ಮೆ ನೋಡೋಣವೇ?