ಕೆಂಪು ಗೆರೆ ನೋಡಿ ಊಟ ಬಿಡಿಸುವವರಿಗೆ

ಕೊಹಿನೂರಿನಿಂದ ಕಾಕನ ಮಗಳ ಅಲರ್ಜಿ ರಿಪೋರ್ಟು ವಾಟ್ಸಾಪಿಗೆ ಬಂತು. ಹದಿನೇಳರ ಹುಡುಗಿ, ಚಿಕ್ಕಂದಿನಿಂದ ಎಕ್ಸಿಮಾ. ಜೋಳ, ಶೇಂಗಾ, ತೊಗರಿ, ಹಾಲು, ಬದನಿಕಾಯಿ, ಎಲ್ಲದರ ಮುಂದೂ ಕೆಂಪು ಗೆರೆ. ಬೀದರ್ ಕಡೆಯವರಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬ್ಯಾಳಿ ಬಿಡಿ ಅಂದ್ರೆ ತಿನ್ನೋದಾದ್ರೂ ಏನು, ಆ ಪಿಡಿಎಫ್ಫನ್ನಾ? "ಬದನಿಕಾಯಿ ನಂಜದ, ತಿನಬ್ಯಾಡ" ಅಂತ ಅಜ್ಜಿಯೂ ಹೇಳ್ತಿದ್ದಳು. ಅವಳು ದುಡ್ಡು ಕೇಳ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ರಕ್ತದಲ್ಲಿ ಒಂದು ಆಹಾರಕ್ಕೆ ಐಜಿಇ ಸಿಕ್ಕರೆ ದೇಹ ಅದನ್ನು ಗುರುತಿಟ್ಟುಕೊಂಡಿದೆ ಎಂದರ್ಥ. ತಿಂದಾಗ ತೊಂದರೆ ಆಗಲೇಬೇಕೆಂದಿಲ್ಲ. ಎಕ್ಸಿಮಾ ಇರುವ ಅನೇಕರಲ್ಲಿ ಒಟ್ಟು ಐಜಿಇಯೇ ಹೆಚ್ಚಿರುತ್ತದೆ, ಹಾಗಾಗಿ ಪಾಸಿಟಿವ್‌ಗಳ ಸಾಲೇ ಬರುತ್ತದೆ. ನಮ್ಮ ಕರ್ನಾಟಕದ ವಯಸ್ಕರ ಮೇಲೆಯೇ ನಡೆದು 2016ರಲ್ಲಿ ಪ್ರಕಟವಾದ ಯೂರೋಪ್ರಿವಾಲ್ ಅಧ್ಯಯನ ನೋಡಿ: ಆಹಾರಕ್ಕೆ ಐಜಿಇ ಇದ್ದವರು ಶೇ. 26.5, ಅಲರ್ಜಿ ಇರಬಹುದು ಅನ್ನಿಸಿದವರು ಶೇ. 1.2. ಇವೆರಡರ ನಡುವಿನ ಅಂತರದಲ್ಲೇ ಈ ವ್ಯಾಪಾರ ನಡೀತಿದೆ.

ನೂರಾರು ಆಹಾರಕ್ಕೆ ಒಂದೇ ಸಲ 'ಇಂಟಾಲರೆನ್ಸ್' ಹೇಳುವ ಐಜಿಜಿ ಪ್ಯಾಕೇಜ್ ಇನ್ನೂ ಕಡೆ. ನೀವು ಏನನ್ನು ತಿಂತಿದ್ದೀರೋ ಅದಕ್ಕೇ ಐಜಿಜಿ ಬರುತ್ತೆ ಸ್ವಾಮಿ! ಯುರೋಪಿನ ಅಲರ್ಜಿ ತಜ್ಞರ ಸಂಸ್ಥೆ 2008ರಲ್ಲೇ ಐಜಿಜಿ4 ಪರೀಕ್ಷೆಯಿಂದ ಆಹಾರದ ಅಲರ್ಜಿ ಪತ್ತೆ ಮಾಡಬೇಡಿ ಅಂದಿದೆ. ಆಫೀಸಿನ ಹೆಲ್ತ್ ಚೆಕಪ್ ಜೊತೆ ಡಿಸ್ಕೌಂಟಿನಲ್ಲಿ ಕೊಟ್ಟರೂ ಬೇಡ ಅನ್ನಿ.

ಡಾಕ್ಟರು ಮೊದಲು ಕೇಳಬೇಕಾದ್ದು ಕತೆ. ಏನು ತಿಂದಿರಿ, ಎಷ್ಟು ಹೊತ್ತಿಗೆ ಏನಾಯ್ತು? ನಿಮಿಷಗಳಿಂದ ಎರಡು ಗಂಟೆಯೊಳಗೆ ತುಟಿ ಊದಿ, ಪಿತ್ತದ ಗಂಧೆ ಎದ್ದು, ವಾಂತಿಯೋ ಉಬ್ಬಸವೋ ಬಂದಿದ್ದರೆ ಅದು ಗಂಭೀರ. ಮನೆಯಲ್ಲಿ ಮತ್ತೆ ತಿಂದು ನೋಡಬಾರದು. ಮರುದಿನ ಕೆರೆತ ಹೆಚ್ಚಾಯ್ತು ಅನ್ನೋದು ಕಷ್ಟದ ಕೇಸು. ಬೆವರು, ಸೋಪು, ಧೂಳು, ಪರೀಕ್ಷೆಯ ಟೆನ್ಶನ್ನು ಎಲ್ಲವೂ ಅದನ್ನೇ ಮಾಡ್ತವೆ. ಹದಿಹರೆಯದವರಲ್ಲಿ, ದೊಡ್ಡವರಲ್ಲಿ ಎಕ್ಸಿಮಾಗೆ ಊಟ ಕಾರಣವಾಗೋದು ಚಿಕ್ಕ ಮಕ್ಕಳಿಗಿಂತ ಕಡಿಮೆ. ಗಟ್ಟಿ ಅನುಮಾನವಿದ್ದರೆ ಆ ಒಂದನ್ನು ಕೆಲವು ವಾರ ಬಿಟ್ಟು, ಆಮೇಲೆ ಡಾಕ್ಟರ ಕಣ್ಣೆದುರೇ ತಿನ್ನಿಸಿ ನೋಡಬೇಕು. ಬಿಟ್ಟಾಗ ಕಡಿಮೆಯಾದರೆ ಸಾಲದು, ತಿಂದಾಗ ಮತ್ತೆ ಬರಬೇಕು. ಈ ಎರಡನೇ ಹೆಜ್ಜೆಯನ್ನು ಯಾವ ಪಿಡಿಎಫ್ಫೂ ಹೇಳೋದಿಲ್ಲ.

'ಬಿಟ್ರೆ ನಷ್ಟವೇನು' ಅನ್ನಬೇಡಿ. ಎಕ್ಸಿಮಾ ಇರುವವರು ಆರಾಮಾಗಿ ತಿಂತಿದ್ದುದನ್ನು ಬಹುಕಾಲ ಬಿಟ್ಟು ಮತ್ತೆ ತಿಂದಾಗ ತಕ್ಷಣದ ಅಲರ್ಜಿ ಎದ್ದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ನಮ್ಮ ಹುಡುಗಿ ಈಗ ಅನ್ನ, ನೀರುಸಾರಿನ ಮೇಲಿದ್ದಾಳೆ. ಸೊರಗಿದ್ದಾಳೆ. ಚರ್ಮದ ಡಾಕ್ಟರು ಬರೆದ ಮುಲಾಮಿನ ಟ್ಯೂಬು ಸೀಲೂ ಒಡೆಯದೆ ಕಪಾಟಿನಲ್ಲಿ ಬಿದ್ದಿದೆ.