‘ಇನ್ನು ಲಾಸ್ಟ್ ಬೆಂಚ್ ಇಲ್ಲ’ ಎನ್ನುವ ಫಾರ್ವರ್ಡ್: ಬೆಂಚ್ ತಿರುಗಿಸಿದರೆ ಸಾಕೇ?

ಗೋಡೆಗುಂಟ ‘ಯು’ ಆಕಾರದಲ್ಲಿ ಬೆಂಚ್ ಜೋಡಿಸಿದ ತರಗತಿಯ ಫೋಟೋ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ‘ಇನ್ನು ಲಾಸ್ಟ್ ಬೆಂಚ್ ಇಲ್ಲ, ಎಲ್ಲರೂ ಫಸ್ಟ್ ಬೆಂಚ್’ ಎಂಬುದು ಅದರ ಒಕ್ಕಣೆ. 2024ರ ಕೊನೆಯಲ್ಲಿ ಬಂದ ‘ಸ್ಥಾನಾರ್ಥಿ ಶ್ರೀಕುಟ್ಟನ್’ ಎಂಬ ಮಲಯಾಳಂ ಚಿತ್ರದಿಂದ ಪ್ರೇರಣೆ ಪಡೆದು ಕೇರಳದ ಕೆಲವು ಶಾಲೆಗಳು 2025ರಲ್ಲಿ ಹೀಗೆ ಮಾಡಿದ್ದು ನಿಜ. ಆದರೆ ಬೆಂಚ್ ತಿರುಗಿಸಿದ ಮಾತ್ರಕ್ಕೆ ಕಲಿಕೆ ಸುಧಾರಿಸುತ್ತದೆಯೇ?

ಸಂಶೋಧನೆಗಳು ಒಂದೇ ಉತ್ತರ ಕೊಡುವುದಿಲ್ಲ. ಜರ್ಮನಿಯ ನಾಲ್ಕನೇ ತರಗತಿಯೊಂದರಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಲಿನಲ್ಲಿ ಕೂತಾಗಿಗಿಂತ ಅರ್ಧವೃತ್ತದಲ್ಲಿ ಕೂತಾಗ ಮಕ್ಕಳು ಹೆಚ್ಚು ಪ್ರಶ್ನೆ ಕೇಳಿದರು. 1987ರ ಬ್ರಿಟನ್ ಅಧ್ಯಯನ ಇದಕ್ಕೆ ಉಲ್ಟಾ. ಅಲ್ಲಿ ವಿಶೇಷ ಶಾಲೆಯ ತುಂಟ ಮಕ್ಕಳನ್ನು ಮೇಜಿನ ಸುತ್ತ ಗುಂಪಾಗಿ ಕೂರಿಸುವ ಬದಲು ಸಾಲಾಗಿ ಕೂರಿಸಿದಾಗ, ಅವರು ಕೆಲಸದಲ್ಲಿ ತೊಡಗಿದ ಸಮಯ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಅಂದರೆ ಮಾತುಕತೆಗೆ ಸುತ್ತು ಕೂರುವುದು ಒಳ್ಳೆಯದು, ಒಬ್ಬೊಬ್ಬರೇ ಬರೆಯುವ ಕೆಲಸಕ್ಕೆ ಸಾಲೇ ವಾಸಿ.

ಇನ್ನೊಂದು ತೊಡಕು ಜಾಗದ್ದು. ಸಣ್ಣ ಕೋಣೆಯಲ್ಲಿ 40 ಮಕ್ಕಳಿದ್ದರೆ ಒಂದು ‘ಯು’ ಸಾಲದೆ ಅದರ ಹಿಂದೆ ಇನ್ನೊಂದು ‘ಯು’ ಹಾಕಬೇಕಾಗುತ್ತದೆ. ಲಾಸ್ಟ್ ಬೆಂಚ್ ವಾಪಸ್ ಬಂತು! ಎರಡೂ ಬದಿಯ ಮಕ್ಕಳು ಬೋರ್ಡ್ ನೋಡಲು ಕತ್ತು ತಿರುಗಿಸಿಕೊಂಡೇ ಕೂರಬೇಕು.

ತಮಾಷೆ ಎಂದರೆ, ಇಂಥ ಫೋಟೋಗೆ ಲೈಕ್ ಒತ್ತುವ ನಾವೇ ನಮ್ಮೂರ ಸರ್ಕಾರಿ ಶಾಲೆಯ ಮಕ್ಕಳು ನೆಲದ ಮೇಲೆ ಅಲ್ಲಲ್ಲಿ ಗುಂಪಾಗಿ ಕೂತಿದ್ದನ್ನು ಕಂಡರೆ ‘ಇಲ್ಲಿ ಪಾಠವೇ ನಡೆಯಲ್ಲ’ ಎಂದುಬಿಡುತ್ತೇವೆ. ಅದು ನಲಿ-ಕಲಿ ತರಗತಿ. ಆಂಧ್ರದ ರಿಷಿವ್ಯಾಲಿಯ ಪ್ರಯೋಗ ನೋಡಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಇದನ್ನು ಆರಂಭಿಸಿದರು. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಣೆಯಾಯಿತು.

ಅಲ್ಲಿ ಯಾರಿಗೂ ಕಾಯಂ ಜಾಗ ಇಲ್ಲ. ಹಾಗಿದ್ದೂ ಗೊಂದಲವಾಗದಂತೆ ವ್ಯವಸ್ಥೆ ಮಾಡಿರುವುದನ್ನು ಗಮನಿಸಿ. ಗೋಡೆಯ ಮೇಲಿನ ‘ಕಲಿಕಾ ಏಣಿ’ಯಲ್ಲಿ ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ನೋಡಿಕೊಳ್ಳುತ್ತದೆ. ಆ ಮೆಟ್ಟಿಲಿಗೆ ಒಂದು ಚಿತ್ರದ ಗುರುತು ಇರುತ್ತದೆ. ಅದೇ ಗುರುತಿನ ಕಾರ್ಡ್ ಹುಡುಕಿ ತೆಗೆದುಕೊಂಡು, ಆ ಕೆಲಸಕ್ಕೆ ನಿಗದಿಯಾದ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ನೆರವು, ಇನ್ನೊಂದಕ್ಕೆ ಅಲ್ಪಸ್ವಲ್ಪ. ಮತ್ತೆ ಕೆಲವು ಗುಂಪುಗಳಲ್ಲಿ ಗೆಳೆಯರ ಸಹಾಯ, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಬರೆಯಲು ಮಕ್ಕಳ ಎತ್ತರಕ್ಕೇ ಗೋಡೆಯ ಕೆಳಭಾಗದಲ್ಲಿ ಕಪ್ಪುಹಲಗೆ. ಓದಲು ಬಾರದ ಆರು ವರ್ಷದ ಮಗುವೂ ‘ಟೀಚರ್, ನಾನೆಲ್ಲಿ ಕೂರಲಿ?’ ಎಂದು ಕೇಳಬೇಕಾಗಿಲ್ಲ.

ಕುರ್ಚಿ, ಬೀನ್ ಬ್ಯಾಗ್, ಬಣ್ಣದ ಸ್ಟೂಲ್ ಹಾಕಿದ ದುಬಾರಿ ಖಾಸಗಿ ಶಾಲೆಗೂ ಈ ಲೆಕ್ಕ ಅನ್ವಯಿಸುತ್ತದೆ. ಜಾಗ ಬದಲಾಗುವ ತರಗತಿಯಲ್ಲಿ ವಸ್ತುಗಳ ಜಾಗ ಬದಲಾಗಬಾರದು. ಚೀಲಗಳು ಒಂದೇ ಕಡೆ, ಪೆನ್ಸಿಲ್-ಕತ್ತರಿ ಮಕ್ಕಳ ಕೈಗೆಟುಕುವ ಡಬ್ಬದಲ್ಲಿ, ಡಬ್ಬದ ಮೇಲೆ ಅಕ್ಷರದ ಜೊತೆ ಚಿತ್ರ. ಗುಂಪು ಬದಲಿಸಲು ಒಂದು ಚಪ್ಪಾಳೆಯೋ ಹಾಡೋ ಗೊತ್ತಿರಬೇಕು. ಮೊದಲ ಎರಡು ವಾರ ಪಾಠಕ್ಕಿಂತ ಇದನ್ನೇ ಅಭ್ಯಾಸ ಮಾಡಿಸಿದರೂ ಅದು ಸಮಯ ವ್ಯರ್ಥವಲ್ಲ ಎಂಬುದು ನಮ್ಮ ಅಭಿಪ್ರಾಯ. ಇದಿಲ್ಲದೆ ಬೆಂಚ್ ಮಾತ್ರ ತೆಗೆದರೆ ಟೀಚರ್ ಇಡೀ ದಿನ ಜಗಳ ಬಿಡಿಸುವುದರಲ್ಲೇ ಇರುತ್ತಾರೆ, ಒಂದೇ ತಿಂಗಳಲ್ಲಿ ಬೆಂಚ್ ಹಳೇ ಜಾಗಕ್ಕೆ ಬರುತ್ತದೆ.

ಗೋಡೆ ತುಂಬ ಚಾರ್ಟ್ ಅಂಟಿಸುವುದೂ ಬೇಡ. 2014ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 24 ಪುಟ್ಟ ಮಕ್ಕಳಿಗೆ ಅಲಂಕರಿಸಿದ ಮತ್ತು ಸರಳವಾದ ಕೋಣೆಗಳಲ್ಲಿ ಪಾಠ ಮಾಡಿಸಿ ನೋಡಿದರು. ಸರಳ ಕೋಣೆಯಲ್ಲಿ ಕಲಿತದ್ದಕ್ಕೆ ಶೇ 55ರಷ್ಟು ಸರಿಯುತ್ತರ ಬಂದರೆ, ಅಲಂಕೃತ ಕೋಣೆಯಲ್ಲಿ ಕಲಿತದ್ದಕ್ಕೆ ಶೇ 42. ಮಕ್ಕಳ ಸಂಖ್ಯೆ ಚಿಕ್ಕದು, ಹಾಗಾಗಿ ಇದನ್ನೇ ಕೊನೆಯ ಮಾತು ಎನ್ನಲಾಗದು. ಆದರೂ ಬಳಸದ ಚಾರ್ಟ್ ತೆಗೆದಿಡಲು ಖರ್ಚೇನೂ ಇಲ್ಲ.

ಪೋಷಕರು ಗಮನಿಸಬೇಕಾದದ್ದು ಇನ್ನೊಂದಿದೆ. ಎಲ್ಲಿ ಬೇಕಾದರೂ ಕೂರಬಹುದು ಎಂದಾಗಲೂ ನಿಮ್ಮ ಮಗು ದಿನಾ ಬೋರ್ಡ್ ಹತ್ತಿರವೇ ಕೂರುತ್ತಿದೆಯೇ? ಕಣ್ಣು ಕಿರಿದಾಗಿಸಿ ನೋಡುತ್ತಿದೆಯೇ? ಕಣ್ಣಿನ ಪರೀಕ್ಷೆ ಮಾಡಿಸಿ. ದೃಷ್ಟಿ ಅಥವಾ ಶ್ರವಣದ ತೊಂದರೆ ಇರುವ ಮಗುವಿಗೆ ಮಾತ್ರ, ಉಳಿದವರು ಎಲ್ಲಿಯೇ ಕೂರಲಿ, ಮುಂದೆ ಒಂದು ಕಾಯಂ ಜಾಗ ಕೊಡುವಂತೆ ಶಾಲೆಯಲ್ಲಿ ಕೇಳಿ.